ಬಾಲವಾಡಿಯ ನೋಟ್‌ಬುಕ್ಕು: ಮಳೆ ಲೆಕ್ಕವಾ, ಚೆಕ್‌ರೋಲಾ?

ನಮ್ಮ ಕಳಸ, ಮೂಡಿಗೆರೆ ಕಡೆ ಕಾಫಿ ತೋಟದ ಮನೆಗಳಲ್ಲಿ ಎರಡು ಪುಸ್ತಕ ಇರ್ತವೆ. ಒಂದು ಚೆಕ್‌ರೋಲು. ಯಾವ ಆಳು ಯಾವತ್ತು ಬಂದ, ಯಾರದ್ದು ಅರ್ಧ ದಿನ, ಯಾರು ಎಷ್ಟು ಮುಂಗಡ ತಗೊಂಡ್ರು ಅಂತ ರೈಟರು ಬರೆಯುವ ಪುಸ್ತಕ. ಇನ್ನೊಂದು ಮಳೆ ಲೆಕ್ಕದ ಪುಸ್ತಕ. ಅಂಗಳದ ಬಯಲಲ್ಲಿ ಮಳೆ ಅಳೆಯುವ ಡಬ್ಬ ಇಟ್ಟು, ದಿನಾ ಬೆಳಿಗ್ಗೆ ಅದರ ನೀರನ್ನ ಅಳತೆ ಗ್ಲಾಸಿಗೆ ಬಗ್ಗಿಸಿ, ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆಯೋದು. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕಗಳೂ ಉಂಟು, ಗೆದ್ದಲಿಗೆ ಸಿಗದೆ ಉಳಿದದ್ದು.

ಚೆಕ್‌ರೋಲು ಬೇಕಾಗೋದು ಬಟವಾಡೆ ದಿನ. ಅದರಲ್ಲಿ ಒಂದು ಗೀಟು ಹೆಚ್ಚುಕಮ್ಮಿ ಆದ್ರೆ ಜಗಳವೇ. ಮಳೆ ಪುಸ್ತಕವನ್ನ ಯಾರೂ ಬಂದು ತೋರ್ಸಿ ಅಂತ ಕೇಳುದಿಲ್ಲ. ಅದಕ್ಕೆ ಮೇಲಿನವರ ಸಹಿ ಇಲ್ಲ, ಸೀಲಿಲ್ಲ. ಆದ್ರೆ ಮಾರ್ಚಿಯಲ್ಲಿ ಹೂಮಳೆ ತಡ ಆಯ್ತು ಅಂದ್ರೆ ಯಜಮಾನರು ಕನ್ನಡಕ ಹುಡುಕಿ ತೆಗೆದು ಮಗುಚೋದು ಆ ಪುಸ್ತಕವನ್ನೇ. ಕಾಯೋದಾ, ಸ್ಪ್ರಿಂಕ್ಲರ್ ಹಾಕೋದಾ ಅಂತ ನಿಶ್ಚಯ ಆಗೋದು ಅದನ್ನ ನೋಡಿಯೇ. ಒಂದು ಪುಸ್ತಕ ಇನ್ನೊಬ್ಬರಿಗೆ ಉತ್ತರ ಕೊಡ್ಲಿಕ್ಕೆ, ಇನ್ನೊಂದು ನಾಳೆ ಎಂತ ಮಾಡೋದು ಅಂತ ತಾನೇ ತಿಳ್ಕೊಳ್ಳಲಿಕ್ಕೆ.

ನಾನು ಹೇಳ್ಲಿಕ್ಕೆ ಹೊರಟದ್ದು ತೋಟದ ಸಂಗತಿ ಅಲ್ಲ, ಸಣ್ಣ ಮಕ್ಕಳ ಶಾಲೆಯದ್ದು. ಶಿಶುವಿಹಾರ, ಬಾಲವಾಡಿ, ಅಂಗನವಾಡಿ, ಈಗಿನ ನರ್ಸರಿ, ಯಾವ ಹೆಸರಲ್ಲಿ ಕರೆದ್ರೂ ಅಲ್ಲಿ ಟೀಚರ ಹತ್ರ ಒಂದು ಪುಸ್ತಕ ಇರ್ತದೆ. ಇವತ್ತು ಮಕ್ಕಳನ್ನ ಕೂಡಿಸಿ ಎಂತ ಆಟ, ಎಂತ ಹಾಡು, ಎಂತ ಕೆಲಸ ಅಂತ ಮೊದಲೇ ಬರ್ಕೊಳ್ಳೋದು; ಆಮೇಲೆ ಎಂತ ಆಯ್ತು ಅಂತ ಬರೆಯೋದು. ನೂರೈವತ್ತು ಇನ್ನೂರು ವರ್ಷದ ಕತೆ ನೋಡಿದ್ರೆ ಈ ಪುಸ್ತಕ ಹುಟ್ಟಿದ್ದು ಮಳೆ ಲೆಕ್ಕದ ಹಾಗೆ. ಬರ್ತಾ ಬರ್ತಾ ಅದು ಚೆಕ್‌ರೋಲು ಆಯ್ತು. ಹೇಗೆ ಆಯ್ತು ಅನ್ನೋದು ನಮ್ಮ ಮನೆ ಹೆಂಗಸರಿಗೂ ಗೊತ್ತಿರಬೇಕಾದ ವಿಷಯ ಅಂತ ನನಗೆ ಕಾಣ್ತದೆ. ಬೆಳಿಗ್ಗೆ ಮಗು ಚೀಲ ಹಾಕ್ಕೊಂಡು ಹೋಗೋದು ನಮ್ಮ ಮನೆಯಿಂದಲೇ ಅಲ್ವ.

ಮೊದಲಿಗೆ ಜರ್ಮನಿಯ ಫ್ರೋಬೆಲ್ ಅನ್ನುವವರ ಮಾತು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಅನ್ನುವ ಊರಲ್ಲಿ ಸಣ್ಣ ಮಕ್ಕಳಿಗೆ ಆಟದ ಮನೆ ಶುರು ಮಾಡಿದ್ರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ರು, ಮಕ್ಕಳ ತೋಟ ಅಂತ. ಅಲ್ಲಿ ಮಕ್ಕಳು ವೃತ್ತ ಕಟ್ಟಿ ಕೈ ಹಿಡ್ಕೊಂಡು ಆಡ್ತಿದ್ದವು. ಮರದ ಚೆಂಡು, ಘನ, ಕಡ್ಡಿ ಇಟ್ಟು ಏನಾದ್ರೂ ಕಟ್ಟುತ್ತಿದ್ದವು. ಆದ್ರೆ ನನಗೆ ಇಷ್ಟ ಆದ ಸಂಗತಿ ಬೇರೆ. 1844ರಲ್ಲಿ ಅವರು ಒಂದು ಪುಸ್ತಕ ತಂದ್ರು, ಅಮ್ಮಂದಿರು ತೊಡೆ ಮೇಲೆ ಮಗುವನ್ನ ಕೂರಿಸ್ಕೊಂಡು ಬೆರಳು ಮಡಚಿ, ಚಪ್ಪಾಳೆ ತಟ್ಟಿ ಆಡಿಸುವ ಆಟಗಳದ್ದು, ಚಿತ್ರ ಹಾಡು ಎಲ್ಲ ಸೇರಿಸಿ. ಅಂದ್ರೆ ಶಾಲೆಗೆ ಬೇಕಾದದ್ದನ್ನ ಅವರು ಮನೆ ಜಗಲಿಯಿಂದ ಎತ್ತಿಕೊಂಡದ್ದು. ಮೊದಲು ನೋಡಿದ್ರು, ಬರ್ಕೊಂಡ್ರು, ಆಮೇಲೆ ಪಾಠ ಅಂತ ಮಾಡಿದ್ರು. 1851ರಲ್ಲಿ ಪ್ರಷ್ಯಾ ಸರ್ಕಾರ ಇಂಥ ಶಾಲೆಗಳನ್ನೇ ನಿಷೇಧ ಮಾಡ್ತು. ಮಕ್ಕಳು ಹಾಡಿ ಕುಣಿದ್ರೆ ರಾಜ್ಯಕ್ಕೆ ಎಂತ ಗಂಡಾಂತರವೋ! ಮರುವರ್ಷ ಫ್ರೋಬೆಲ್ ತೀರಿಕೊಂಡ್ರು. ನಿಷೇಧ ತೆಗೆದದ್ದು 1860ರಲ್ಲಿ.

ಮಾರಿಯಾ ಮಾಂಟೆಸ್ಸೊರಿ ಡಾಕ್ಟರು. 1907 ಜನವರಿ 6ಕ್ಕೆ ರೋಮಿನ ಸಾನ್ ಲೊರೆಂಜೊ ಅನ್ನುವ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದ್ರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಬೀದಿಯಲ್ಲಿ ತಿರುಗುವ ಮಕ್ಕಳನ್ನ ಒಂದು ಕಡೆ ಕೂರಿಸೋದೇ ಅಲ್ಲಿಯ ಮೊದಲ ಉದ್ದೇಶ. ನಮ್ಮ ಲೈನ್ ಮನೆಗಳ ಮಕ್ಕಳ ಹಾಗೇ ಅನ್ನಿ. ಡಾಕ್ಟರು ಕಾಯಿಲೆಯವನನ್ನ ನೋಡುವ ಹಾಗೆ ಇವರು ಮಕ್ಕಳನ್ನ ನೋಡಿದ್ರು: ಯಾವ ಮಗು ಯಾವ ಸಾಮಾನು ಎತ್ತಿಕೊಳ್ತದೆ, ಎಷ್ಟು ಹೊತ್ತು ಬಿಡುದಿಲ್ಲ, ಎಷ್ಟು ಸಲ ಅದನ್ನೇ ಮಾಡ್ತದೆ. ಅವರ ಪದ್ಧತಿಯಲ್ಲಿ ಹೆಚ್ಚಿನ ಕೆಲಸ ಮಗು ಒಂದೇ ಕೂತು ಮಾಡೋದು. ಎಲ್ಲರೂ ಸೇರಿ ಮಾಡುವ ಒಂದು ಆಟ ಮಾತ್ರ ಬಹಳ ಪ್ರಸಿದ್ಧ ಆಯ್ತು, ಮೌನದ ಆಟ. ಒಂದು ದಿನ ನಾಲ್ಕು ತಿಂಗಳ ಕೂಸನ್ನ ಎತ್ತಿಕೊಂಡು ಅವರು ತರಗತಿಗೆ ಬಂದ್ರಂತೆ. ಈ ಕೂಸು ಎಷ್ಟು ಸದ್ದಿಲ್ಲದೆ ಉಂಟು ನೋಡಿ ಅಂದದ್ದೇ ಮಕ್ಕಳೆಲ್ಲ ಉಸಿರು ಬಿಗಿ ಹಿಡಿದು ಕೂತವು. ಆ ಹೊತ್ತಿಗೆ ಕಂಡದ್ದು ಮುಂದೆ ಆಟ ಆಯ್ತು. ಮೊದಲು ಯೋಚನೆ ಮಾಡಿ ಬರೆದಿಟ್ಟದ್ದಲ್ಲ ಅದು.

ಈ ಮೌನದ ಆಟ ನಮ್ಮ ದೇಶಕ್ಕೆ ಬಂದು ಪಟ್ಟ ಪಾಡು ಗಮ್ಮತ್ತಿನದ್ದು. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿಕೆ ಮಾಡ್ತಿದ್ದವರು. ಮಗ ಹುಟ್ಟಿದ ಮೇಲೆ ಇವನನ್ನ ಹೇಗೆ ಓದಿಸೋದು ಅಂತ ಚಿಂತೆಗೆ ಬಿದ್ದು, ಮಾಂಟೆಸ್ಸೊರಿ ಪುಸ್ತಕ ಓದಿ, ಕೋರ್ಟು ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ್ರು. ಮೀಸೆಯ ತಾಯಿ ಅಂತ ಜನ ಅವರನ್ನ ಕರೀತಿದ್ರು. ಅವರು ಬರೆದ 'ದಿವಾಸ್ವಪ್ನ' ಕನ್ನಡಕ್ಕೂ ಬಂದಿದೆ, ಸಿಕ್ಕಿದ್ರೆ ಬಿಡ್ಬೇಡಿ. ಅದು ಕತೆ. ಲಕ್ಷ್ಮೀರಾಮ ಅನ್ನುವ ಒಬ್ಬ ಮೇಷ್ಟ್ರು, ಅಧಿಕಾರಿಯನ್ನ ಕೇಳಿ ನಾಲ್ಕನೇ ತರಗತಿ ತಗೊಳ್ತಾನೆ, ಹೊಸ ಪ್ರಯೋಗ ಮಾಡ್ಲಿಕ್ಕೆ. ಮುನ್ನಾದಿನವೇ ಕೂತು ಮೊದಲ ದಿನಕ್ಕೆ ಎಂತೆಂತ ಮಾಡೋದು ಅಂತ ಅಚ್ಚುಕಟ್ಟಾಗಿ ಟಿಪ್ಪಣಿ ಮಾಡ್ಕೊಳ್ತಾನೆ. ಮೊದಲಿಗೇ ಮೌನದ ಆಟ. ಮರುದಿನ ತರಗತಿಯಲ್ಲಿ ಮಕ್ಕಳು ಮಾಡಿದ ಗಲಾಟೆಗೆ ಸೂರು ಹಾರುವುದೊಂದು ಬಾಕಿ. ಟಿಪ್ಪಣಿ ಕಿಸೆಯಲ್ಲೇ ಉಳೀತದೆ. ಮಕ್ಕಳನ್ನ ಮನೆಗೆ ಕಳಿಸಿ ಯೋಚನೆ ಮಾಡ್ತಾನೆ, ಮಾರನೇ ದಿನ ಬಂದು ಕತೆ ಶುರು ಮಾಡ್ತಾನೆ. ಮೌನ ಅಂತ ಹೇಳದೆ ಮೌನ ಆಗ್ತದೆ!

ಸಣ್ಣ ಮಕ್ಕಳ ಜೊತೆ ಕೆಲಸ ಮಾಡಿದ ಯಾರಿಗೆ ಬೇಕಾದ್ರೂ ಈ ಪ್ರಸಂಗ ಓದಿದ್ರೆ ನಗು ಬರ್ತದೆ. ನಿನ್ನೆಯ ಯೋಜನೆ, ಇವತ್ತಿನ ಮಕ್ಕಳು, ಎರಡೂ ಒಂದಕ್ಕೊಂದು ಸಿಗೋದೇ ಇಲ್ಲ. ಹಾಗಂತ ಲಕ್ಷ್ಮೀರಾಮ ಯೋಜನೆ ಮಾಡೋದನ್ನೇ ಬಿಟ್ಟುಬಿಡುದಿಲ್ಲ. ಆದದ್ದನ್ನ ನೋಡಿ ನಾಳೆಯದ್ದನ್ನ ಬದಲಿಸ್ತಾನೆ. ಇಡೀ ಪುಸ್ತಕವೇ ಹಾಗೆ ಉಂಟು, ಒಬ್ಬ ಮೇಷ್ಟ್ರ ದಿನಚರಿಯ ಧಾಟಿಯಲ್ಲಿ. ಮಕ್ಕಳ ಶಾಲೆಯಲ್ಲಿ ಬರವಣಿಗೆ ಎಂತಕ್ಕೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಾನು ಕಂಡಿಲ್ಲ.

ಗಿಜುಭಾಯಿ ಜೊತೆ ಕೆಲಸ ಮಾಡಿದವರು ತಾರಾಬಾಯಿ ಮೋಡಕ್. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲಶಿಕ್ಷಣ ಸಂಘ ಕಟ್ಟಿದ್ರು. ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಮಾಂಟೆಸ್ಸೊರಿ ಸಾಮಾನು ತರಿಸಬಹುದು, ಹಳ್ಳಿಯವರಿಗೆ ಹೇಗೆ ಅನ್ನುವ ಪ್ರಶ್ನೆ ತಾರಾಬಾಯಿಯವರಿಗೆ ಬಂತು. 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಅನ್ನುವ ಹಳ್ಳಿಗೆ ಹೋದ್ರು. ಅನುತಾಯಿ ವಾಘ್ ಜೊತೆಗೆ ಬಂದ್ರು. ಮಕ್ಕಳು ಶಾಲೆಗೆ ಬರ್ಲಿಲ್ಲ. ಬರ್ಲಿಲ್ಲ ಅಂತ ಹಾಜರಿಯಲ್ಲಿ ಸೊನ್ನೆ ಹಾಕಿ ಕೂರಲಿಲ್ಲ ಇವರು, ಶಾಲೆಯನ್ನೇ ಹೊತ್ಕೊಂಡು ಕೇರಿಯ ಅಂಗಳಕ್ಕೆ ಹೋದ್ರು. ಮರಾಠಿಯಲ್ಲಿ ಅಂಗಣ, ನಮಗೆ ಅಂಗಳ. ಅಂಗನವಾಡಿ ಅನ್ನುವ ಹೆಸರಿನ ಬೇರು ಅಲ್ಲಿ ಉಂಟು. ಚಿಪ್ಪು, ಬೀಜ, ಕಲ್ಲು, ಎಲೆ, ಊರಲ್ಲಿ ಸಿಕ್ಕಿದ್ದೇ ಕಲಿಕೆ ಸಾಮಾನು. 1957ರಲ್ಲಿ ಕೋಸಬಾಡಿನ ಗುಡ್ಡಕ್ಕೆ ಹೋದ ಮೇಲೆ ವಾರಲಿ ಮಕ್ಕಳಿಗೆ ಹುಲ್ಲುಗಾವಲ ಶಾಲೆ ಅಂತಲೂ ಮಾಡಿದ್ರು. ಮಕ್ಕಳು ದನ ಕಾಯಲಿಕ್ಕೆ ಹೋಗ್ತವೆ, ಶಾಲೆಗೆ ಬರಲಾರವು. ಸರಿ, ದನ ಮೇಯುವ ಜಾಗಕ್ಕೇ ಟೀಚರು ಹೋದ್ರು.

ಈ ಕಡೆ ಕನ್ನಡದಲ್ಲೂ ಜನ ಸುಮ್ಮನೆ ಕೂತಿರಲಿಲ್ಲ. ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರು. ಇನ್ಸ್‌ಪೆಕ್ಟರು ಬರ್ತಾರೆ ಅಂದ್ರೆ ಮೇಷ್ಟ್ರುಗಳಿಗೆ ಚಳಿಜ್ವರ ಬರುವ ಕಾಲ ಅದು. ಇವರು ಬಂದು ಮಕ್ಕಳಿಗೆ ಹಾಡು ಹೇಳಿ ಕತೆ ಹೇಳಿ ಹೋಗ್ತಿದ್ರು. ಮಂಗಳೂರಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ್ರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತದಿಂದ ಕಲಿಸುವ ಪ್ರಯೋಗ ಮಾಡಿದ್ರು. 'ಬಾಲಪ್ರಪಂಚ' ಮೂರು ಸಂಪುಟ ಬಂದದ್ದು ಆ ಹುಮ್ಮಸ್ಸಿನಲ್ಲೇ. ಬೆಂಗಳೂರಲ್ಲಿ 'ಸರಸ್ವತಿ' ಮಾಸಪತ್ರಿಕೆ ನಡೆಸ್ತಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿ ಅಖಿಲ ಕರ್ನಾಟಕ ಮಕ್ಕಳ ಕೂಟ ಶುರು ಮಾಡಿದ್ರು. ಕೂಟ ಅನ್ನುವ ಮಾತು ನೋಡಿ. ಒಂಟಿ ಮಗುವಿಗೆ ಪಾಠ ಅಲ್ಲ, ಮಕ್ಕಳೆಲ್ಲ ಕೂಡಿ ಹಾಡೋದು, ಆಡೋದು, ನಾಟಕ ಕಟ್ಟೋದು. 1939ರ ಕೊನೆಗೆ ಮಾಂಟೆಸ್ಸೊರಿಯವರೇ ಮದ್ರಾಸಿನ ಅಡಯಾರಿಗೆ ಬಂದಿಳಿದು, ಯುದ್ಧ ಅಂತ ವಾಪಸು ಹೋಗಲಾಗದೆ 1946ರ ತನಕ ಇಲ್ಲೇ ಉಳಿದು ಟೀಚರುಗಳಿಗೆ ತರಬೇತಿ ಕೊಟ್ರು. ಒಬ್ಬೊಬ್ಬರೇ ಮಾಡುವ ಕೆಲಸ ಅವರಿಂದ, ಕೂಡಿ ಮಾಡುವ ಹಾಡು ಕತೆ ನಮ್ಮ ಮನೆಗಳಿಂದ, ಹೀಗೆ ಬೆರಕೆ ಆಗಿ ತಯಾರಾದದ್ದು ನಮ್ಮ ಶಿಶುವಿಹಾರ.

ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ದುರ್ಗಾಬಾಯಿ ದೇಶಮುಖರ ಮುಂದಾಳ್ತನದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು. ಊರೂರಲ್ಲಿ ಮಹಿಳಾ ಮಂಡಲ, ಮಹಿಳಾ ಮಂಡಲದ ಜೊತೆಗೆ ಬಾಲವಾಡಿ. ನನ್ನ ಚಿಕ್ಕಮ್ಮ ಒಬ್ಬರು ಅಂಥ ಒಂದು ಬಾಲವಾಡಿಯಲ್ಲಿ ಕೆಲವು ವರ್ಷ ಇದ್ದವರು. ಅವರ ನೋಟ್‌ಬುಕ್ಕು ಒಂದು ನಮ್ಮಲ್ಲಿ ಉಳಿದಿದೆ. ರಟ್ಟು ಹೋಗಿದೆ, ಮಸಿ ಹಬ್ಬಿದೆ. ಒಂದು ಪುಟ ನಾಳೆಗೆ, ಎದುರಿನ ಪುಟ ಆದದ್ದಕ್ಕೆ. ಎಡಗಡೆ ಚೆಂದದ ಅಕ್ಷರ, ಬಲಗಡೆ ಗಡಿಬಿಡಿಯದ್ದು, ಒಲೆ ಹತ್ರ ಕೂತು ಬರೆದದ್ದಿರಬೇಕು. ಅನ್ನದ ಗಂಜಿ ಬಿದ್ದ ಕಲೆ ಸಮೇತ ಉಂಟು.

ಎಡಗಡೆಯ ವಿಷಯಗಳನ್ನ ಅವರು ತಗೊಂಡದ್ದು ತೋಟದ ವರ್ಷದಿಂದ. ಜೂನಿಗೆ ಮಳೆ, ಕೊಡೆ, ಕಂಬಳಿ ಕೊಪ್ಪೆ. ಜುಲೈಗೆ ಏಡಿ, ಕಪ್ಪೆ, ಕೆಸುವಿನ ಎಲೆ. ದೀಪಾವಳಿ ಹೊತ್ತಿಗೆ ಹಣತೆ, ಗೋವು. ಡಿಸೆಂಬರಿಂದ ಕಾಫಿ ಹಣ್ಣು. ಮಾರ್ಚಿಗೆ ಹೂವು, ಜೇನು. ಯಾರೋ ಮೇಲಿಂದ ಕಳಿಸಿದ ಪಟ್ಟಿ ಅಲ್ಲ, ಮಕ್ಕಳ ಕಣ್ಣೆದುರು ಇರುವುದರದ್ದೇ ಪಟ್ಟಿ. ಬಲಗಡೆಯದ್ದರಲ್ಲಿ ಎರಡು ಮೂರು ಕಡೆ ಇಲ್ಲಿ ಬರೀತೇನೆ.

"ಸೋಮವಾರ. ಮಳೆ ಹಾಡು ಆಗ್ಲಿಲ್ಲ. ಬಾಗಿಲಿಗೆ ಕಪ್ಪೆ ಬಂತು. 11 ಮಕ್ಕಳೂ ಅದರ ಹಿಂದೆ. ನಾಳೆ ಕಪ್ಪೆಯದ್ದೇ ಮಾಡುವುದು."

"ಬುಧವಾರ. ಕಾಫಿ ಹಣ್ಣು ಬೇರೆ ಮಾಡುವ ಆಟ. ನಾಲ್ಕು ನಾಲ್ಕು ಜನ ಒಂದು ಗೆರಸೆಗೆ. ಲೈನಿನ ಹುಡುಗಿ ಇವತ್ತೂ ಮಾತಾಡಲಿಲ್ಲ. ಆದರೆ ಪಕ್ಕದವನು ಹಣ್ಣಿಗೆ ಹಸಿರು ಕಾಯಿ ಸೇರಿಸಿದ್ದಕ್ಕೆ ಅವನ ಕೈ ಹಿಡಿದು ತೆಗೆಸಿದಳು. ಇವಳಿಗೆ ಗೊತ್ತುಂಟು, ನಮ್ಮ ಮಾತು ಗೊತ್ತಿಲ್ಲ ಅಷ್ಟೆ."

ಅದಾಗಿ ನಾಲ್ಕು ದಿನದ ಮೇಲೆ ಎಡಗಡೆಯ ಪುಟದಲ್ಲಿ, ನಾಳೆಯ ಯೋಜನೆಯ ಜಾಗದಲ್ಲಿ, ಒಂದು ಸಾಲು: "ಕೆಂಪು, ಹಸಿರಿಗೆ ತಮಿಳಲ್ಲಿ ಎಂತ ಹೇಳುವುದು ಅಂತ ಅವಳ ಅಮ್ಮನ ಹತ್ರ ಕೇಳಬೇಕು. ಎಲ್ಲ ಮಕ್ಕಳಿಗೂ ಅದನ್ನೇ ಕಲಿಸಿ ಆಟ."

ನೋಡಿ, ಇದು ಮಳೆ ಲೆಕ್ಕ. ಹುಡುಗಿ ಬಂದಿದ್ದಾಳೆ ಅಂತ ಹಾಜರಿಯಲ್ಲಿ ದಿನಾ ಒಂದು ಗೀಟು ಬಿದ್ದಿರ್ತದೆ, ಅದರಿಂದ ಏನೂ ತಿಳಿಯುದಿಲ್ಲ. ನಾಲ್ಕು ಜನರ ಗುಂಪು ಮಾಡಿದ್ರಿಂದ ಅವಳ ಕೈ ಕೆಲಸ ಮಾಡಿದ್ದು ಕಂಡಿತು. ಕಂಡದ್ದನ್ನ ಬರೆದದ್ದರಿಂದ ಮುಂದಿನ ವಾರದ ಆಟ ಬದಲಾಯ್ತು. ಇಪ್ಪತ್ತು ಮಕ್ಕಳನ್ನ ಒಟ್ಟಿಗೆ ಕೂರಿಸಿ ಹಾಡಿಸಿದ್ರೆ ಅವಳು ಬಾಯಿ ಆಡಿಸದ್ದು ಯಾರಿಗೂ ಗೊತ್ತಾಗ್ತಿರಲಿಲ್ಲ. ಗುಂಪು ಎಷ್ಟು ದೊಡ್ಡದು ಅನ್ನೋದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಕತೆಗೆ ಎಲ್ಲರೂ ಇರಲಿ, ಕೈ ಕೆಲಸಕ್ಕೆ ನಾಲ್ಕೈದು ಜನ ಸಾಕು. ಚಿಕ್ಕಮ್ಮನಿಗೆ ಇದನ್ನ ಯಾರು ಹೇಳಿಕೊಟ್ರೋ! ಅಡುಗೆ ಮನೆಯಲ್ಲಿ ಹಪ್ಪಳ ಲಟ್ಟಿಸಲಿಕ್ಕೆ ಮಕ್ಕಳನ್ನ ಕೂರಿಸುವ ಲೆಕ್ಕವೇ ಇರಬೇಕು.

(ಒಂದು ಮಾತು. ಇಂಥ ಆಟಕ್ಕೆ ಬೀಜ ಕೊಡೋರು ಗುಲಗಂಜಿ ಮಾತ್ರ ಕೊಡ್ಬೇಡಿ. ನೋಡ್ಲಿಕ್ಕೆ ಕೆಂಪು ಕಪ್ಪು ಚೆಂದ, ಅಗಿದು ನುಂಗಿದ್ರೆ ವಿಷ. ಕಾಫಿ ಬೀಜವೂ ಮೂಗಿಗೆ ಹೋದೀತು, ಪಕ್ಕದಲ್ಲಿ ದೊಡ್ಡವರು ಇರಬೇಕು.)

ಬಾಲವಾಡಿ ಇಲ್ಲದ ಕಡೆ ಮಕ್ಕಳು ಎಲ್ಲಿ ಇರ್ತಿದ್ದವು? ತೋಟದಲ್ಲೇ. ಅಮ್ಮ ಹಣ್ಣು ಕುಯ್ಯುವ ಸಾಲಿನ ಕೊನೆಯಲ್ಲಿ, ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಆರು ವರ್ಷದ ಒಳಗಿನ ಮಕ್ಕಳಿಗೆ ಶಿಶುಪಾಲನಾ ಮನೆ ಇರಬೇಕು ಅಂತ ಬರೆದ್ರು. 1981ರ ತಿದ್ದುಪಡಿಯಲ್ಲಿ, ಹೆಂಗಸರ ಸಂಖ್ಯೆ ಕಮ್ಮಿ ಇದ್ರೂ ಅವರ ಮಕ್ಕಳು 20 ಇದ್ರೆ ಸಾಕು ಅಂತ ಸೇರಿಸಿದ್ರು. ಒಳ್ಳೆ ಕಾನೂನು. ಆದ್ರೆ ಕಾನೂನು ಕೇಳಿದ್ದು ಗಾಳಿ ಬೆಳಕಿನ ಕೋಣೆ, ಚೊಕ್ಕಟ, ಮಕ್ಕಳನ್ನ ನೋಡ್ಕೊಳ್ಳಲಿಕ್ಕೆ ತರಬೇತಿ ಆದ ಹೆಂಗಸು, ಇಷ್ಟು. ದೊಡ್ಡ ಎಸ್ಟೇಟುಗಳಲ್ಲಿ ಆಯಾ ಇರ್ತಿದ್ರು, ಹಾಲು ಕೊಡ್ತಿದ್ರು, ಮಲಗಿಸ್ತಿದ್ರು. ಸಣ್ಣ ತೋಟಗಳು ಆ ಲೆಕ್ಕಕ್ಕೇ ಬರುದಿಲ್ಲ, ಮತ್ತು ನಮ್ಮ ಕಡೆ ಹೆಚ್ಚಿನದ್ದು ಸಣ್ಣ ತೋಟಗಳೇ. ಜೋಲಿ ಹಾಗೇ ಉಳೀತು.

ಆಮೇಲೆ ಬಂದದ್ದು ಅಂಗನವಾಡಿ. 1975 ಅಕ್ಟೋಬರ್ 2ಕ್ಕೆ ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಆಯ್ತು. ನಮ್ಮ ರಾಜ್ಯದಲ್ಲಿ ಮೊದಲನೆಯದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ನಿಧಾನಕ್ಕೆ ಎಲ್ಲ ತಾಲೂಕಿಗೂ ಬಂತು, ಆಗ ಮೂಡಿಗೆರೆ ತಾಲೂಕಿಗೇ ಸೇರಿದ್ದ ನಮ್ಮ ಕಳಸಕ್ಕೂ. ಯೋಜನೆಯಲ್ಲಿ ಆರು ಸೇವೆ: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸೋದು, ತಾಯಂದಿರಿಗೆ ಆರೋಗ್ಯದ ತಿಳುವಳಿಕೆ, ಕೊನೆಗೆ ಶಾಲಾಪೂರ್ವ ಶಿಕ್ಷಣ. ಇದರಿಂದ ಎಷ್ಟು ಮಕ್ಕಳು ಬದುಕಿ ಉಳಿದವು ಅನ್ನೋದನ್ನ ಮರೆತು ಮಾತಾಡಬಾರದು. ತೂಕ ನೋಡದೆ, ಲಸಿಕೆ ಹಾಕಿಸದೆ ಹಾಡು ಕಲಿಸಿ ಎಂತ ಪ್ರಯೋಜನ? ಆದ್ರೆ ಆರು ಕೆಲಸ ಒಬ್ಬರ ತಲೆ ಮೇಲೆ ಬಿದ್ದಾಗ ಯಾವುದಕ್ಕೆ ಲೆಕ್ಕ ಕೇಳ್ತಾರೋ ಅದು ಮೊದಲು ಆಗ್ತದೆ. ಅಕ್ಕಿ ಎಷ್ಟು, ಬೇಳೆ ಎಷ್ಟು, ಎಷ್ಟು ಜನ ಉಂಡ್ರು, ಇದಕ್ಕೆ ಲೆಕ್ಕ ಕೇಳ್ತಾರೆ. ಆ ಹುಡುಗಿ ಯಾಕೆ ಮಾತಾಡುದಿಲ್ಲ ಅನ್ನೋದಕ್ಕೆ ಯಾರೂ ಕೇಳುದಿಲ್ಲ.

2010ರ ದಶಕದಲ್ಲಿ ಅಂಗನವಾಡಿಯ ಲೆಕ್ಕಪತ್ರವನ್ನೆಲ್ಲ ದೇಶಕ್ಕೇ ಒಂದೇ ನಮೂನೆಗೆ ತಂದ್ರು. ಒಟ್ಟು 11 ರಿಜಿಸ್ಟರು. ಮನೆಮಂದಿಯ ವಿವರಕ್ಕೆ ಒಂದು, ಆಹಾರದ ದಾಸ್ತಾನಿಗೆ ಒಂದು, ಹಂಚಿಕೆಗೆ ಒಂದು, ಬಸುರಿ ಬಾಣಂತಿಯರಿಗೆ ಒಂದು, ಲಸಿಕೆಗೆ ಒಂದು, ವಿಟಮಿನ್ ಎ, ಮನೆ ಭೇಟಿ, ತೂಕ, ಹೀಗೆ. ಮಕ್ಕಳ ಕಲಿಕೆಗೆ ಹನ್ನೊಂದರಲ್ಲಿ ಒಂದು. ಆ ಒಂದರಲ್ಲೂ ಮುಖ್ಯ ಆದದ್ದು ಹಾಜರಿ. ಚಿಕ್ಕಮ್ಮನ ನೋಟ್‌ಬುಕ್ಕಿನ ಬಲಗಡೆಯ ಪುಟಕ್ಕೆ ಅಲ್ಲಿ ಜಾಗ ಎಲ್ಲಿ?

ಯೋಜನೆಯ ಕಡೆ, ಅಂದ್ರೆ ಎಡಗಡೆಯ ಪುಟದ ಕಡೆ, ಕೆಲಸ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಮ್ಮ ರಾಜ್ಯದ ಅಂಗನವಾಡಿಗಳಿಗೆ 'ಚಿಲಿಪಿಲಿ' ಅಂತ ಚಟುವಟಿಕೆ ಪುಸ್ತಕ ಬಂತು. ವಿಷಯ ಹಿಡಿದು ಹಾಡು, ಕತೆ, ಆಟ, ಕೈ ಕೆಲಸ ಎಲ್ಲ ಪೋಣಿಸಿ ಕೊಟ್ಟದ್ದು. 2013ರಲ್ಲಿ ಎಳೆಯ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ರಾಷ್ಟ್ರೀಯ ನೀತಿ. 2022ರಲ್ಲಿ ಮೂರರಿಂದ ಎಂಟು ವರ್ಷದವರಿಗೆ ಪಠ್ಯಕ್ರಮದ ಚೌಕಟ್ಟು. ಅದರಲ್ಲಿ ಪರೀಕ್ಷೆ ಬೇಡ, ಮಗುವನ್ನ ನೋಡಿ ಬರೀರಿ, ಅದು ಮಾಡಿದ್ದನ್ನ ಎತ್ತಿಡಿ ಅಂತ ಸ್ಪಷ್ಟವಾಗಿಯೇ ಹೇಳಿದ್ದಾರೆ. 2024ರಲ್ಲಿ ಅಂಗನವಾಡಿಗಳಿಗೆ 'ಆಧಾರಶಿಲಾ' ಅಂತ ವಾರವಾರದ ಯೋಜನೆ ಬಂತು, ಐದು ದಿನ ಹೊಸತು, ಒಂದು ದಿನ ಮೆಲುಕು. ಹಿಂದಿನವರು ಇಂಥದ್ದು ಸಿಕ್ಕಿದ್ರೆ ಕಣ್ಣಿಗೆ ಒತ್ತಿಕೊಳ್ತಿದ್ರು.

ಒಂದೇ ತಕರಾರು. ಯೋಜನೆ ದಿಲ್ಲಿಯಲ್ಲೋ ಬೆಂಗಳೂರಲ್ಲೋ ತಯಾರಾಗಿ ಬಂದಾಗ, ನಾಳೆಯದ್ದನ್ನ ಬದಲಿಸುವ ಅಧಿಕಾರ ಯಾರದ್ದು ಅನ್ನೋದು ಮಸುಕಾಗ್ತದೆ. ಪುಸ್ತಕದಲ್ಲಿ 'ಸಾರಿಗೆ' ವಾರ, ರೈಲಿನ ಆಟ ಅಂತ ಉಂಟು ಅಂದ್ಕೊಳ್ಳಿ. ಕಳಸದ ಮಗು ರೈಲು ನೋಡಿಲ್ಲ, ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿದು ಬಸ್ಸು ಈಚೆ ದಡದಲ್ಲೇ ನಿಂತದ್ದನ್ನ ನೋಡಿದೆ. ಹೊರನಾಡಿಗೆ ಹೋಗುವವರು ದಡದಲ್ಲಿ ಕಾಯೋದನ್ನ ನೋಡಿದೆ. ಆ ವಾರಕ್ಕೆ ಸೇತುವೆಯ ಆಟಕ್ಕಿಂತ ಒಳ್ಳೆ ಪಾಠ ಯಾವುದು? ನಾಲ್ಕು ಮಕ್ಕಳು ಹೊಳೆ, ಇಬ್ಬರು ಸೇತುವೆ, ಉಳಿದವರು ಬಸ್ಸು. ಟೀಚರಿಗೆ ಇದು ಹೊಳೀತದೆ. ಹೊಳೆದದ್ದನ್ನ ಮಾಡಿದ್ರೆ ಪುಸ್ತಕದ ಕ್ರಮ ತಪ್ಪಿತು ಅಂತ ಆಗಬಾರದು, ಅಷ್ಟೆ. ಚೌಕಟ್ಟು ಬರೆದವರೂ ಊರಿಗೆ ತಕ್ಕ ಹಾಗೆ ಮಾಡ್ಕೊಳ್ಳಿ ಅಂತಲೇ ಹೇಳಿದ್ದಾರೆ. ಮಧ್ಯದಲ್ಲಿ ಬರುವಾಗ ಆ ಮಾತು ಎಲ್ಲೋ ಸೋರಿ ಹೋಗ್ತದೆ.

ಬರೆದಿಡುವ ವಿಷಯದಲ್ಲಿ ಬೇರೆ ದೇಶದವರದ್ದು ಎರಡು ಮಾತು ಹೇಳದಿದ್ರೆ ಆಗುದಿಲ್ಲ. ಇಟಲಿಯ ರೆಜ್ಜೊ ಎಮಿಲಿಯಾ ಅನ್ನುವ ಊರಿನ ಹತ್ರದ ಹಳ್ಳಿಯವರು, 1945ರಲ್ಲಿ ಯುದ್ಧ ಮುಗಿದ ಕೂಡಲೇ, ಸೈನ್ಯ ಬಿಟ್ಟು ಹೋದ ಟ್ಯಾಂಕು, ಲಾರಿ, ಕುದುರೆ ಮಾರಿದ ದುಡ್ಡಲ್ಲಿ ಮಕ್ಕಳ ಶಾಲೆ ಕಟ್ಟಲಿಕ್ಕೆ ಹೊರಟರು. ಲೊರಿಸ್ ಮಲಗುಜ್ಜಿ ಅನ್ನುವ ಮೇಷ್ಟ್ರು ಸೈಕಲ್ ಹತ್ತಿ ನೋಡ್ಲಿಕ್ಕೆ ಹೋದವರು ಜೀವಮಾನವಿಡೀ ಅದರಲ್ಲೇ ಉಳಿದ್ರು. 1963ರಲ್ಲಿ ಅಲ್ಲಿ ಪುರಸಭೆಯದ್ದೇ ಮೊದಲ ಶಾಲೆ ಆಯ್ತು. ಅವರ ವಿಶೇಷ ಎಂತ ಅಂದ್ರೆ ಮಕ್ಕಳು ಗುಂಪಲ್ಲಿ ಕೆಲಸ ಮಾಡುವಾಗ ಆಡಿದ ಮಾತನ್ನ ಹಾಗೆ ಹಾಗೇ ಬರ್ಕೊಳ್ಳೋದು, ಬಿಡಿಸಿದ್ದನ್ನ, ಕಟ್ಟಿದ್ದನ್ನ ಗೋಡೆಗೆ ಹಾಕೋದು, ಅಪ್ಪ ಅಮ್ಮಂದಿರು ಬಂದು ಓದೋದು. ನ್ಯೂಜಿಲೆಂಡಿನಲ್ಲಿ ಮಾರ್ಗರೆಟ್ ಕಾರ್ ಅನ್ನುವವರು ಟಿಕ್ ಹಾಕುವ ಪಟ್ಟಿ ಬದಲು 'ಕಲಿಕೆಯ ಕತೆ' ಅಂತ ಬರೆಯುವ ಕ್ರಮ ತಂದ್ರು. ಮಗುವಿಗೆ ಎಂತ ಬರುದಿಲ್ಲ ಅನ್ನುವ ಪಟ್ಟಿ ಅಲ್ಲ ಅದು, ಇವತ್ತು ಅದು ಎಂತ ಮಾಡ್ತು ಅನ್ನುವ ನಾಲ್ಕು ಸಾಲು. ಮನೆಗೂ ಕಳಿಸ್ತಾರಂತೆ, ಮನೆಯವರೂ ಅದರ ಕೆಳಗೆ ಬರೀತಾರಂತೆ. ಓದಿದಾಗ ನನಗೆ ಅನ್ನಿಸಿದ್ದು, ಚಿಕ್ಕಮ್ಮನ ಬಲಗಡೆಯ ಪುಟಕ್ಕೆ ದೊಡ್ಡ ಜನ ಹೆಸರಿಟ್ಟಿದ್ದಾರೆ ಅಂತ.

ಈಗ ರಿಜಿಸ್ಟರು ಕಮ್ಮಿ ಆಗಿ ಫೋನು ಬಂದಿದೆ. 2021ರಿಂದ ಪೋಷಣ್ ಟ್ರ್ಯಾಕರ್. ಹಾಜರಿ, ಬಿಸಿಯೂಟ, ಎತ್ತರ, ತೂಕ, ಮನೆಗೆ ಕೊಡುವ ಆಹಾರಕ್ಕೆ ಮುಖದ ಗುರುತು, ಎಲ್ಲ ಅದಕ್ಕೇ ತುಂಬಬೇಕು. ನಮ್ಮ ಗುಡ್ಡದ ಸಂದಿಗಳಲ್ಲಿ ಸಿಗ್ನಲ್ ಸಿಗೋದೇ ಒಂದು ಪುಣ್ಯ. ಜೋರು ಮಳೆಗಾಲದಲ್ಲಿ ಕರೆಂಟು ಹೋಗಿ ಟವರು ಮಲಗಿದ್ರೆ ಟೀಚರು ಫೋನ್ ಎತ್ತಿ ಹಿಡ್ಕೊಂಡು ದಿಬ್ಬ ಹತ್ತೋದು, ಒಳಗೆ ಮಕ್ಕಳನ್ನ ಸಹಾಯಕಿ ನೋಡ್ಕೊಳ್ಳೋದು. ಆ ಹೊತ್ತು ಕತೆಯದ್ದು. ಬರೆಯುವ ಕೆಲಸವೇ ಬರೆಯಬೇಕಾದ್ದನ್ನ ತಿಂದು ಹಾಕ್ತದೆ. ಖಾಸಗಿ ನರ್ಸರಿಗಳದ್ದು ಬೇರೆ ಥರ. ಅಲ್ಲಿ ದಿನಾ ಸಂಜೆ ತಾಯಂದಿರ ವಾಟ್ಸಾಪ್ ಗುಂಪಿಗೆ ಫೋಟೊ ಬರ್ತದೆ, ಎಲ್ಲ ಮಕ್ಕಳೂ ಒಂದೇ ಬಣ್ಣದ ಅಂಗಿ, ಒಂದೇ ನಮೂನೆಯ ಕಾಗದದ ಚಿಟ್ಟೆ ಹಿಡ್ಕೊಂಡು. ಚಿಟ್ಟೆಯನ್ನ ಕತ್ತರಿಸಿದ್ದು ಟೀಚರು ಅಂತ ನೋಡಿದ ಕೂಡಲೇ ಗೊತ್ತಾಗ್ತದೆ. ನಾವೂ ಹಾರ್ಟು ಒತ್ತಿ ಮುಂದೆ ಹೋಗ್ತೇವೆ. ಅದೂ ಚೆಕ್‌ರೋಲೇ, ಬಣ್ಣದ್ದು. ಸಾಹೇಬರ ಬದಲು ನಮಗೆ ತೋರಿಸ್ಲಿಕ್ಕೆ ಇಟ್ಟದ್ದು.

ಇದರಲ್ಲಿ ನಮ್ಮ ಪಾಲೂ ಉಂಟು. ಮಗು ಮನೆಗೆ ಬಂದಾಗ ನಾವು ಕೇಳೋದು ಎಂತ? ಇವತ್ತು ಎಂತ ಬರೆಸಿದ್ರು, ಎ ಬಿ ಸಿ ಎಲ್ಲಿಗೆ ಬಂತು, ತಿಂಡಿ ಪೂರ್ತಿ ತಿಂದ್ಯಾ. ಟೀಚರ ಹತ್ರ ಕೇಳೋದೂ ಅದನ್ನೇ. ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟ ತುಂಬಿಸಿದ್ರೆ ನಮಗೆ ಸಮಾಧಾನ, ದುಡ್ಡಿಗೆ ಮೋಸ ಇಲ್ಲ ಅಂತ. 1993ರಲ್ಲೇ ಯಶಪಾಲ್ ಸಮಿತಿ ನರ್ಸರಿಗೆ ಸೇರಿಸುವಾಗ ಪರೀಕ್ಷೆ ಸಂದರ್ಶನ ಮಾಡಬಾರದು ಅಂತ ಹೇಳಿತ್ತು. ಮೂವತ್ತು ವರ್ಷ ಕಳೀತು, ಎಷ್ಟು ಮನೆಗಳಲ್ಲಿ ಮಗುವಿಗೆ ಇನ್ನೂ ಸಂದರ್ಶನದ ಉತ್ತರ ಬಾಯಿಪಾಠ ಮಾಡಿಸ್ತಾರೆ ನೋಡಿ. ಇವತ್ತು ಯಾರ ಜೊತೆ ಆಡಿದೆ, ಎಂತ ಕಟ್ಟಿದ್ರಿ, ಬಿದ್ದು ಹೋದಾಗ ಯಾರು ಎಂತ ಹೇಳಿದ್ರು ಅಂತ ಕೇಳಿದ್ರೆ ಬರುವ ಉತ್ತರವೇ ಬೇರೆ.

ತೋಟಗಳಿಗೆ ಈಗ ತಮಿಳರ ಜೊತೆಗೆ ಅಸ್ಸಾಮು, ಬಂಗಾಳ, ಜಾರ್ಖಂಡಿನಿಂದಲೂ ಜನ ಬರ್ತಿದ್ದಾರೆ. ಒಂದೇ ಕೋಣೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ಹಿಂದಿ, ಅಸ್ಸಾಮಿ ಮಾತಾಡುವ ಮಕ್ಕಳು ಕೂತದ್ದುಂಟು. ಕುಯ್ಲು ಮುಗಿದ ಮೇಲೆ ಕೆಲವು ಮನೆಯವರು ಗಂಟು ಕಟ್ಟಿ ಹೊರಡ್ತಾರೆ, ಮಗುವೂ ಹೊರಡ್ತದೆ. ಮುಂದಿನ ಊರಿನ ಅಂಗನವಾಡಿಗೆ ಫೋನಿನಲ್ಲಿ ಅದರ ತೂಕ ಹೋಗ್ತದೆ, ಎತ್ತರ ಹೋಗ್ತದೆ. ಹಣ್ಣು ಬೇರೆ ಮಾಡುವಾಗ ಅದರ ಕೈ ಎಷ್ಟು ಚುರುಕು, ಕತೆ ಹೇಳಿದ್ರೆ ಎಷ್ಟು ಹತ್ರ ಬಂದು ಕೂರ್ತದೆ, ಯಾವ ಹಾಡಿಗೆ ಬಾಯಿ ಬಿಡ್ತದೆ ಅನ್ನೋದು ಹೋಗುದಿಲ್ಲ. ಅಲ್ಲಿಯ ಟೀಚರಿಗೆ ಅದು ಮತ್ತೆ ಮಾತಾಡದ ಮಗು.

ನನಗೆ ಗೊತ್ತಿರುವ ಅಂಗನವಾಡಿ ಟೀಚರು ಒಬ್ಬರು ಫೋನಿನ ಕೆಲಸ ಎಲ್ಲ ಮುಗಿಸಿ, ಹತ್ತು ರೂಪಾಯಿಯ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಮಕ್ಕಳ ಬಗ್ಗೆ ಒಂದೊಂದು ಸಾಲು ಬರೀತಾರೆ. ಇಪ್ಪತ್ತು ಮಕ್ಕಳದ್ದು ಒಂದು ಸುತ್ತು ಬರಲಿಕ್ಕೆ ಹತ್ತು ದಿನ. ಅದಕ್ಕಿಂತ ಹೆಚ್ಚಿಗೆ ಆಗುದಿಲ್ಲ ಅಕ್ಕ, ಅಂದ್ರು. ಮಗು ಊರು ಬಿಟ್ಟು ಹೋಗುವಾಗ ಅದರ ಸಾಲುಗಳನ್ನ ಒಂದು ಹಾಳೆಗೆ ಬರೆದು ಅಮ್ಮನ ಕೈಗೆ ಕೊಡ್ತಾರಂತೆ, ಲಸಿಕೆ ಕಾರ್ಡಿನ ಒಳಗೆ ಮಡಚಿಟ್ಟು. ಲಸಿಕೆ ಕಾರ್ಡನ್ನ ಯಾರೂ ಬಿಸಾಡುದಿಲ್ಲ ಅಲ್ವ, ಅದಕ್ಕೆ.